ನಾಲ್ಕನೇ ಕ್ಲಾಸಿನ ಹುಡುಗನಿಗೆ ಯುಪಿಐ ಪಿನ್ ಹೇಳಿಕೊಡಬಹುದಾ?

ವಿದ್ಯಾನಗರದ ಅಮ್ಮ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮಗ ನಾಲ್ಕನೇ ಕ್ಲಾಸು, ಒಂಬತ್ತು ವರ್ಷ. ಮಗಳು ಏಳನೇ ಕ್ಲಾಸು, ಹನ್ನೆರಡು ತುಂಬಿದೆ. ಮೊಸರು, ಕೊತ್ತಂಬರಿ, ಜೆರಾಕ್ಸು, ಚಾರ್ಟ್ ಪೇಪರು ಅಂತ ಇಬ್ಬರೂ ಬೀದಿ ಕೊನೆಯ ಅಂಗಡಿಗೆ ಹೋಗ್ತಾರೆ. ಮನೆಯಲ್ಲಿ ಈಗ ಚಿಲ್ಲರೆ ಇರೋದೇ ಅಪರೂಪ. ಮನೆಯವರು "ಫೋನ್ ಕೊಟ್ಟು ಪಿನ್ ಹೇಳಿಬಿಡು, ಇವತ್ತಲ್ಲ ನಾಳೆ ಕಲೀಲೇಬೇಕಲ್ಲ" ಅಂತಾರೆ. ಅತ್ತೆಯವರು "ನೋಟು ಮುಟ್ಟದ ಮಕ್ಕಳಿಗೆ ದುಡ್ಡಿನ ಬೆಲೆ ಹೆಂಗೆ ಗೊತ್ತಾಗ್ತದೆ" ಅಂತಾರೆ. ಇಬ್ಬರ ಮಾತೂ ಸರಿ ಅನ್ನಿಸ್ತದೆ.

ನನಗೆ ಬೇಕಾದ್ದು ಇಷ್ಟು. ನನ್ನ ಫೋನು, ಪಿನ್ನು ಮಗನ ಕೈಗೆ ಕೊಟ್ಟರೆ ನಿಜಕ್ಕೂ ಏನು ತೊಂದರೆ? ಮಗಳ ಹೆಸರಲ್ಲೇ ಖಾತೆ ತೆಗೆಸಬಹುದಾ? ನಮ್ಮ ಖಾತೆಯಿಂದ ಮನೆಯವರೂ ಹಣ ಕೊಡೋ ಯುಪಿಐ ಸರ್ಕಲ್ ಅಂತ ಬಂದಿದೆಯಲ್ಲ, ಅದು ಮಕ್ಕಳಿಗೆ ಹೊಂದುತ್ತಾ? "ಮಕ್ಕಳಿಗೆ ಮೊಬೈಲ್ ಕೊಡಲೇಬೇಡಿ" ಅನ್ನೋ ಉತ್ತರ ಬೇಡ, ಅದನ್ನ ದಿನಾ ಕೇಳ್ತಾ ಇದೀನಿ.

ಕ್ಯಾಶ್ ಕೌಂಟರ್

ಮೇಡಂ, ಮೊದಲನೇದಕ್ಕೆ ಒಂದೇ ಮಾತು: ಪಿನ್ ಕೊಡಬೇಡಿ. ಹುಡುಗ ಹಾಳಾಗ್ತಾನೆ ಅನ್ನೋ ಭಯಕ್ಕಲ್ಲ. ಪಿನ್ ಅಂದರೆ ನಿಮ್ಮ ಸಹಿ. ಆ ನಾಲ್ಕೋ ಆರೋ ಅಂಕಿ ಒತ್ತಿದ್ದು ಯಾರ ಬೆರಳಾದರೂ ಬ್ಯಾಂಕಿನ ಲೆಕ್ಕದಲ್ಲಿ ಒತ್ತಿದವರು ನೀವೇ. ಮೊಸರಿನ 30 ರೂಪಾಯಿಗೆ ಅಂತ ಕೊಟ್ಟ ಬೀಗದ ಕೈ ದಿನಕ್ಕೆ 1 ಲಕ್ಷ ರೂಪಾಯಿವರೆಗಿನ ಬಾಗಿಲು ತೆಗೆಯುತ್ತೆ.

ದುಡ್ಡು ಹೋದ ಮೇಲಿನ ಮಾತೂ ಇದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಪ್ರಕಾರ, ಬ್ಯಾಂಕಿನ ತಪ್ಪೂ ಇಲ್ಲದೆ ನಿಮ್ಮ ತಪ್ಪೂ ಇಲ್ಲದೆ ಹೊರಗಿನವರು ಹಣ ಹೊಡೆದರೆ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ನಿಮಗೆ ಹೊಣೆ ಇಲ್ಲ. ಪಿನ್ನೋ ಪಾಸ್‌ವರ್ಡೋ ಬೇರೆಯವರಿಗೆ ಹೇಳಿದ್ದರಿಂದ ಹೋಯಿತು ಅಂತಾದರೆ ಲೆಕ್ಕ ತಿರುಗುತ್ತೆ: ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ನಿಮ್ಮದು. "ಮಗ ಒತ್ತಿದ್ದು ಸರ್" ಅನ್ನೋದು ಅಲ್ಲಿ ಉಪಯೋಗಕ್ಕೆ ಬರಲ್ಲ.

ಮಗಳ ಖಾತೆ ಆಗುತ್ತೆ. ಯಾವ ವಯಸ್ಸಿನ ಮಗುವಿಗಾದರೂ ಪೋಷಕರ ಮೂಲಕ ಉಳಿತಾಯ ಖಾತೆ ತೆರೆಯಬಹುದು, ತಾಯಿಯೂ ಪೋಷಕರಾಗಿ ನಿಲ್ಲಬಹುದು. ಹತ್ತು ದಾಟಿದ ಮಕ್ಕಳು ತಾವೇ ಖಾತೆ ತೆರೆದು ತಾವೇ ನಡೆಸೋಕೆ 2025ರ ಏಪ್ರಿಲ್ 21ರ ಆರ್‌ಬಿಐ ಸುತ್ತೋಲೆ ಅವಕಾಶ ಕೊಟ್ಟಿದೆ. (2014ರಿಂದಲೇ ಇದ್ದ ವ್ಯವಸ್ಥೆ, 2025ರಲ್ಲಿ ಒಟ್ಟುಗೂಡಿಸಿ ಹೊಸದಾಗಿ ಹೇಳಿದ್ದಾರೆ.) ಎಷ್ಟು ವಯಸ್ಸಿಗೆ, ಎಷ್ಟು ಮೊತ್ತದವರೆಗೆ, ಎಟಿಎಂ ಕಾರ್ಡ್ ಕೊಡಬೇಕಾ, ಇಂಟರ್‌ನೆಟ್ ಬ್ಯಾಂಕಿಂಗ್ ಕೊಡಬೇಕಾ ಅನ್ನೋದನ್ನ ಆಯಾ ಬ್ಯಾಂಕಿಗೆ ಬಿಟ್ಟಿದ್ದಾರೆ. ಖಾತೆ ಯಾವತ್ತೂ ಮೈನಸ್‌ಗೆ ಹೋಗುವ ಹಾಗಿಲ್ಲ. ಹದಿನೆಂಟು ತುಂಬಿದಾಗ ಹೊಸ ಸಹಿ, ಹೊಸ ಸೂಚನೆ ಕೊಡಬೇಕು. ಸ್ಟೇಟ್ ಬ್ಯಾಂಕಿನಲ್ಲಿ ಇದಕ್ಕೆ ಎರಡು ಹೆಸರಿವೆ: ಪೋಷಕರ ಜೊತೆ ಜಂಟಿಯಾಗಿರೋದು ಪೆಹ್ಲಾ ಕದಮ್, ಹತ್ತು ದಾಟಿ ಒಂದೇ ರೀತಿ ಸಹಿ ಹಾಕಬಲ್ಲ ಮಕ್ಕಳದ್ದು ಪೆಹ್ಲೀ ಉಡಾನ್. ಆ "ಒಂದೇ ರೀತಿ ಸಹಿ" ಅನ್ನೋದನ್ನ ಹಗುರ ಮಾಡ್ಕೋಬೇಡಿ. ಮೂರು ಕಡೆ ಮೂರು ಥರ ಸಹಿ ಹಾಕಿದರೆ ಫಾರ್ಮ್ ವಾಪಸ್ ಬರುತ್ತೆ. ಮನೆಯಲ್ಲಿ ಒಂದು ಹಾಳೆ ತುಂಬಾ ಬರೆಸಿಕೊಂಡು ಹೋಗಿ.

ಶಾಖೆಯಲ್ಲಿ ಕೇಳಬೇಕಾದ್ದು: ಕಾರ್ಡ್ ಕೊಡ್ತೀರಾ, ದಿನದ ಮಿತಿ ಎಷ್ಟು, ಮೊಬೈಲ್ ಬ್ಯಾಂಕಿಂಗಲ್ಲಿ ಬರೀ ಬ್ಯಾಲೆನ್ಸ್ ನೋಡೋದಾ ಇಲ್ಲ ಹಣ ಕಳಿಸೋದೂ ಇದೆಯಾ, ಈ ಖಾತೆಗೆ ಯುಪಿಐ ಕೂಡುತ್ತಾ. ಕೊನೆಯದ್ದರಲ್ಲಿ ಒಂದು ತೊಡಕು. ಯುಪಿಐ ನೋಂದಣಿ ಆಗೋದು ಖಾತೆಗೆ ಕೊಟ್ಟ ನಂಬರಿನ ಸಿಮ್ ಇರುವ ಫೋನಿನಲ್ಲಿ ಮಾತ್ರ. ಮೆಸೇಜ್ ನಿಮಗೇ ಬರಲಿ ಅಂತ ನಿಮ್ಮ ನಂಬರ್ ಕೊಟ್ಟರೆ, ಮಗಳ ಖಾತೆಯ ಯುಪಿಐಯೂ ನಿಮ್ಮ ಫೋನಿಗೇ ಬಂದು ಕೂರುತ್ತೆ. ನನ್ನ ಅಭಿಪ್ರಾಯ ಕೇಳಿದರೆ, ಹನ್ನೆರಡು ವರ್ಷಕ್ಕೆ ಅಷ್ಟೇ ಸಾಕು.

ಸಿಮ್‌ಕಾರ್ಡ್

ಕ್ಯಾಶ್ ಕೌಂಟರ್ ಸರ್ ಹೇಳಿದ್ದು ಸರಿ, ಆದರೆ "ಪಿನ್ ಹೇಳಿಲ್ಲ, ಹಂಗಾಗಿ ನಾವು ಸೇಫ್" ಅಂದ್ಕೊಂಡಿರೋ ಅಪ್ಪ ಅಮ್ಮಂದಿರೇ ಜಾಸ್ತಿ. ಫೋನಿನ ಪ್ಯಾಟರ್ನ್ ಮಗುವಿಗೆ ಗೊತ್ತಿದ್ದರೆ ಪಿನ್ ಇಲ್ಲದೆ ದುಡ್ಡು ಹೋಗೋ ದಾರಿಗಳು ಇವೆ. ಅಕ್ಕ, ಇವತ್ತೇ ನಿಮ್ಮ ಫೋನ್ ತೆಗೆದು ನೋಡಿ.

ಮೊದಲನೇದು ಯುಪಿಐ ಲೈಟ್, ಅಂದರೆ ಸಣ್ಣ ಪಾವತಿಗೆ ಅಂತ ಖಾತೆಯಿಂದ ತೆಗೆದು ಆ್ಯಪ್ ಒಳಗೇ ಇಡೋ ಹಣ. ಇದು ಪಿನ್ ಕೇಳೋದೇ ಇಲ್ಲ, ಅದಕ್ಕೇ ಅಂತಾನೇ ಮಾಡಿರೋದು. ಒಂದು ಸಲಕ್ಕೆ 1,000 ರೂಪಾಯಿ, ಒಳಗೆ ಒಟ್ಟು 5,000 ಇಡಬಹುದು (2024ರ ಕೊನೆವರೆಗೆ ಇದು 500 ಮತ್ತು 2,000 ಇತ್ತು). ಆ್ಯಪ್ ತೆರೆದ ಮಗು ಸ್ಕ್ಯಾನ್ ಮಾಡಿ ಒತ್ತಿದರೆ ಮುಗೀತು. ಇದಕ್ಕಿಂತ ಮೋಸದ್ದು ಆಟೊ ಟಾಪ್‌ಅಪ್. ಅದು ಆನ್ ಇದ್ದರೆ ಲೈಟ್ ಖಾಲಿ ಆದ ಹಾಗೆಲ್ಲ ಖಾತೆಯಿಂದ ತಾನೇ ತುಂಬಿಕೊಳ್ಳುತ್ತೆ. ಪಾಸ್‌ಬುಕ್ಕಿನಲ್ಲಿ ಲೈಟ್‌ಗೆ ಹಣ ತುಂಬಿದ ಒಂದು ಸಾಲು ಮಾತ್ರ ಕಾಣುತ್ತೆ, ಯಾವ ಅಂಗಡಿಗೆ ಎಷ್ಟು ಅನ್ನೋದು ಆ್ಯಪ್ ಒಳಗೇ ನೋಡಬೇಕು. ತಿಂಗಳ ಕೊನೆಗೆ ಪಾಸ್‌ಬುಕ್ ನೋಡೋ ಅಪ್ಪಂದಿರಿಗೆ ಇದು ಸಿಗೋದೇ ಇಲ್ಲ.

ಎರಡನೇದು ಬೆರಳಚ್ಚು. 2025ರ ಅಕ್ಟೋಬರ್‌ನಿಂದ ಪಿನ್ ಬದಲು ಬೆರಳು ಅಥವಾ ಮುಖ ತೋರಿಸಿ ಯುಪಿಐ ಪಾವತಿ ಮಾಡೋ ವ್ಯವಸ್ಥೆ ಬಂದಿದೆ. ನೀವಾಗಿ ಒಪ್ಪಿ ಆನ್ ಮಾಡಿದರೆ ಮಾತ್ರ. ಆದರೆ ಎಷ್ಟು ಮನೆಗಳಲ್ಲಿ ಗೇಮ್ ಆಡಲಿಕ್ಕೆ ಅಂತ ಮಗುವಿನ ಬೆರಳನ್ನೂ ಅಮ್ಮನ ಫೋನಿಗೆ ಸೇರಿಸಿರ್ತಾರೆ! ಫೋನಿಗೆ ಆ ಬೆರಳು ಯಾರದ್ದು ಅಂತ ಗೊತ್ತಾಗಲ್ಲ, ಒಳಗೆ ದಾಖಲಾಗಿದೆಯಾ ಇಲ್ವಾ ಅಷ್ಟೇ ನೋಡುತ್ತೆ. ಸೆಟ್ಟಿಂಗ್ಸ್‌ನಲ್ಲಿ ಬೆರಳಚ್ಚುಗಳ ಪಟ್ಟಿ ತೆಗೆದು ಮಕ್ಕಳದ್ದು ಅಳಿಸಿ.

ಮೂರನೇದು ಆಟೊಪೇ. ಮೊದಲ ಸಲ ನೀವು "ಏನೋ ಕೇಳ್ತಿದೆ" ಅಂತ ಪಿನ್ ಒತ್ತಿಕೊಟ್ಟಿರ್ತೀರಿ, ಆಮೇಲೆ 15,000 ರೂಪಾಯಿವರೆಗಿನ ಕಂತು ಪ್ರತಿ ತಿಂಗಳೂ ಪಿನ್ ಇಲ್ಲದೇ ಕಟ್ ಆಗುತ್ತೆ. ಗೇಮು, ಕಾರ್ಟೂನ್ ಆ್ಯಪ್‌ಗಳ ಚಂದಾ ಎಲ್ಲ ಇದೇ ದಾರಿ. ಕಟ್ ಆಗೋ 24 ಗಂಟೆ ಮುಂಚೆ ಮೆಸೇಜ್ ಬರಲೇಬೇಕು, ಬರುತ್ತೂ ಬರುತ್ತೆ, ಯಾರೂ ಓದಲ್ಲ. ಆ್ಯಪಿನ ಪ್ರೊಫೈಲ್‌ನಲ್ಲಿ ಆಟೊಪೇ ಅಂತ ಇರುತ್ತೆ, ಬೇಡದ್ದನ್ನು ರದ್ದು ಮಾಡಿ. ಪ್ಲೇ ಸ್ಟೋರಿನ ಸೆಟ್ಟಿಂಗಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇಡಿ. ಅಲ್ಲಿ ಕಾರ್ಡ್ ಸೇವ್ ಆಗಿದ್ದರೆ ತೆಗೆದುಬಿಡಿ.

ಮೂಲೆ ಅಂಗಡಿ

ಗಲ್ಲಾಪೆಟ್ಟಿಗೆಯ ಈಚೆ ಕೂತವರ ಕಡೆಯಿಂದ ನಾಲ್ಕು ಮಾತು. ಸಣ್ಣ ಮಕ್ಕಳು ಫೋನ್ ತಂದಾಗ ಆಗೋ ತಪ್ಪಲ್ಲಿ ಕಳ್ಳತನ ಕಡಿಮೆ, ಸೊನ್ನೆ ಜಾಸ್ತಿ. ಗೋಡೆಗೆ ಅಂಟಿಸಿದ ಕ್ಯೂಆರ್‌ನಲ್ಲಿ ಮೊತ್ತ ಇರಲ್ಲ, ಮಗುವೇ ಟೈಪ್ ಮಾಡಬೇಕು. 35 ಹೋಗಿ 350 ಆಗ್ತದೆ. ಪರಿಚಯದ ಅಂಗಡಿ ಆದರೆ ವಾಪಸ್ ಬಂತು. ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಲ್ಲಿ ಆದರೆ ಕಷ್ಟ. ಯುಪಿಐಯಲ್ಲಿ ಒಮ್ಮೆ ಹೋದದ್ದನ್ನು ಬ್ಯಾಂಕು ತಾನಾಗೇ ಎಳೆದು ತರೋದಿಲ್ಲ.

ಇನ್ನೊಂದು, ಪೆಂಡಿಂಗ್. ಚಕ್ರ ತಿರುಗ್ತಾ ಇರ್ತದೆ, ಹಿಂದೆ ನಾಲ್ಕು ಜನ ನಿಂತಿರ್ತಾರೆ, ಮಗು ಗಾಬರಿಯಾಗಿ ಇನ್ನೊಂದು ಸಲ ಒತ್ತುತ್ತೆ. ಆಮೇಲೆ ಎರಡೂ ಹೋಗ್ತವೆ. ಮಕ್ಕಳಿಗೆ ಹೇಳಿಕೊಡಿ: ನಮ್ಮ ಡಬ್ಬಿ ಬಾಯಿಬಿಟ್ಟು "ಇಷ್ಟು ರೂಪಾಯಿ ಬಂದಿದೆ" ಅನ್ನೋವರೆಗೂ ಅಂಗಡಿ ಬಿಟ್ಟು ಕದಲಬಾರದು, ಎರಡನೇ ಸಲ ಒತ್ತಲೂಬಾರದು. ಡಬ್ಬಿ ಸುಮ್ಮನಿದ್ದರೆ ಹೆಸರು ಬರೆಸಿ ಬರಲಿ. ನಿಮ್ಮ ಖಾತೆಯಿಂದ ಕಟ್ ಆಗಿ ಅಂಗಡಿಗೆ ಬರದೇ ಹೋದದ್ದು 5 ದಿನದೊಳಗೆ ವಾಪಸ್ ಆಗಬೇಕು, ಅಲ್ಲಿಂದಾಚೆ ದಿನಕ್ಕೆ 100 ರೂಪಾಯಿ ಬ್ಯಾಂಕೇ ಕೊಡಬೇಕು ಅಂತ 2019ರ ಆರ್‌ಬಿಐ ನಿಯಮ ಇದೆ. ಒಬ್ಬರಿಂದೊಬ್ಬರಿಗೆ ಕಳಿಸಿದ್ದಾದರೆ ಮಾರನೇ ದಿನವೇ ಬರಬೇಕು.

ಇನ್ನು ದುಡ್ಡೇ ಬೇಡ ಅನ್ನೋ ಸೀದಾ ದಾರಿ: ಉದ್ರಿ ಪುಸ್ತಕ. ಮಗು ಸಾಮಾನು ತಗೊಂಡು ಹೋಗಲಿ, ನೀವು ಸಂಜೆ ಅದೇ ಕ್ಯೂಆರ್‌ಗೆ ಹಾಕಿ. ಅಥವಾ ನಮ್ಮ ಕ್ಯೂಆರ್‌ನ ಫೋಟೊ ನಿಮ್ಮ ಫೋನಲ್ಲಿ ಇಟ್ಟುಕೊಂಡು ಮನೆಯಿಂದಲೇ ಕಳಿಸಿ, ಇಲ್ಲಿ ಡಬ್ಬಿ ಕೂಗಿದ ಮೇಲೆ ಮಗುವಿಗೆ ಮೊಸರು ಕೊಡ್ತೀವಿ.

ಚಿಲ್ಲರೆ ರೂಢಿ ಮಾತ್ರ ಬಿಡಿಸಬೇಡಿ. 2025ರ ಜುಲೈಯಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಲ್ಲಿ ಎಷ್ಟೋ ಅಂಗಡಿಯವರು "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದ್ದು ನೆನಪಿದೆಯಲ್ಲ? ಅಂಥ ದಿನ ಫೋನ್ ಒಂದನ್ನೇ ನಂಬಿದ ಹುಡುಗ ಬರಿಗೈಲಿ ವಾಪಸ್ ಹೋಗಬೇಕಾಗುತ್ತೆ.

ಮಗ್ಗಿ ಮೇಷ್ಟ್ರು

ಅಮ್ಮಾ, ನಿಮ್ಮ ಅತ್ತೆಯವರ ಮಾತಿನಲ್ಲಿ ಲೆಕ್ಕದ ಪಾಠವೇ ಇದೆ. ಒಂಬತ್ತು ವರ್ಷದ ಹುಡುಗ 50ರ ನೋಟು ಕೊಟ್ಟು 32 ರೂಪಾಯಿ ಸಾಮಾನು ತಂದರೆ 18 ಎಣಿಸಿಕೊಳ್ಳುತ್ತಾನೆ. ಕ್ಯೂಆರ್‌ನಲ್ಲಿ 32 ಅಂತ ಒತ್ತಿದರೆ 32 ಹೋಗುತ್ತದೆ, ಕಳೆಯುವ ಲೆಕ್ಕ ಹುಟ್ಟುವುದೇ ಇಲ್ಲ. ಚಿಲ್ಲರೆ ವಾಪಸ್ ಬರುವ ಆ ಅರ್ಧ ನಿಮಿಷವೇ ಆ ವಯಸ್ಸಿನ ಪಾಠ. ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ, ಮೆಟ್ರಿಕ್ ಮೇಳ ಮಾಡಿಸುವುದೂ ಇದಕ್ಕೇ: ಸೊಪ್ಪಿನ ಕಟ್ಟು ಮಾರಿ, ತೂಗಿ, ಚಿಲ್ಲರೆ ಕೊಟ್ಟು ಬರಬೇಕು. ಅಲ್ಲಿ ಈಗ ಕೆಲವು ಕಡೆ ಮೇಷ್ಟರ ಕ್ಯೂಆರ್ ನೇತುಹಾಕುತ್ತಾರೆ. ಜನ ಮೆಚ್ಚುತ್ತಾರೆ. ನನಗೆ ಒಪ್ಪಿಗೆ ಇಲ್ಲ, ಮಕ್ಕಳ ಕೆಲಸವನ್ನು ಮೇಷ್ಟರ ಫೋನು ಮಾಡಿಬಿಡುತ್ತದೆ.

ಹುಡುಗನಿಗೆ ವಾರಕ್ಕೆ 100 ರೂಪಾಯಿ ಹೀಗೆ ಒಡೆದು ಕೊಡಿ: 50ರ ಒಂದು ನೋಟು, 10ರ ಎರಡು, 5ರ ನಾಲ್ಕು, 1ರ ಹತ್ತು ನಾಣ್ಯ. ಒಂದು ಡಬ್ಬಿ, ಒಂದು ಚಿಕ್ಕ ಪುಸ್ತಕ. ಪುಸ್ತಕದಲ್ಲಿ ನಾಲ್ಕು ಕಲಮು ಸಾಕು: ತಂದದ್ದು, ಬೆಲೆ, ಕೊಟ್ಟದ್ದು, ವಾಪಸ್ ಬಂದದ್ದು. ಭಾನುವಾರ ಡಬ್ಬಿಯಲ್ಲಿ ಉಳಿದದ್ದೂ ಪುಸ್ತಕದಲ್ಲಿ ಉಳಿದದ್ದೂ ಹೊಂದಬೇಕು. ಎರಡು ಮೂರು ತಿಂಗಳು ತಪ್ಪದೆ ಹೊಂದಿದರೆ ಅದೇ ಪುಸ್ತಕದಲ್ಲಿ "ಅಮ್ಮನ ಫೋನಿನಿಂದ" ಅಂತ ಐದನೇ ಕಲಮು ಎಳೆಯಿರಿ. ಅಂಗಡಿಗೆ ಜೊತೆಯಲ್ಲಿ ಹೋದಾಗ ಸ್ಕ್ಯಾನ್ ಅವನು ಮಾಡಲಿ, ಮೊತ್ತ ಅವನೇ ಟೈಪ್ ಮಾಡಲಿ, ತೆರೆಯ ಮೇಲೆ ಬಂದ ಹೆಸರು ಗಟ್ಟಿಯಾಗಿ ಓದಲಿ. ಪಿನ್ ಮಾತ್ರ ನಿಮ್ಮದು. ಮನೆಗೆ ಬಂದು ಆ ಮೊತ್ತವನ್ನು ಅವನ 100ರಿಂದ ಕಳೆಯಲಿ, ಅಷ್ಟು ನಾಣ್ಯ ಡಬ್ಬಿಯಿಂದ ತೆಗೆದು ನಿಮ್ಮ ಕೈಗೆ ಕೊಡಲಿ. ಕಾಣದೆ ಹೋದ ದುಡ್ಡು ಹೀಗೆ ಅವನ ಕಣ್ಣ ಮುಂದೆಯೇ ಹೋಗುತ್ತದೆ.

ಮಗಳಿಗೆ ಬಸ್ಸಿನ ದುಡ್ಡಿನ ಚಿಂತೆಯಂತೂ ಇಲ್ಲ, ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ.

ವಿದ್ಯಾನಗರದ ಅಮ್ಮ

ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ಐದನೇ ಕಲಮು ಮನೆಯವರಿಗೂ ಹಿಡಿಸಿತು. ಮಗಳ ವಿಷಯ ಇನ್ನೂ ಬಗೆಹರಿದಿಲ್ಲ. ಟ್ಯೂಷನ್ನಿಗೆ ಹೋದಾಗ ಜೆರಾಕ್ಸು, ತಿಂಡಿ ಅಂತ ವಾರಕ್ಕೆ 150–200 ಆಗ್ತದೆ. ಮನೆಯಲ್ಲಿ ಹಳೇ ಆಂಡ್ರಾಯ್ಡ್ ಫೋನ್ ಇದೆ. ಸರ್ಕಲ್ ಮಾಡೋದಾ, ಇಲ್ಲ ಮಕ್ಕಳಿಗೇ ಅಂತ ಜಾಹೀರಾತು ಬರ್ತದಲ್ಲ, ಆ ಕಾರ್ಡಾ?

ಸಿಮ್‌ಕಾರ್ಡ್

ಅಕ್ಕ, ಸರ್ಕಲ್ ಹೀಗೆ. ಯುಪಿಐ ನಡೆಸೋ ಸಂಸ್ಥೆ ಎನ್‌ಪಿಸಿಐ 2024ರ ಆಗಸ್ಟ್‌ನಲ್ಲಿ ತಂದಿದ್ದು. ಖಾತೆ ನಿಮ್ಮದು, ನೀವು 5 ಜನರವರೆಗೆ ಸೇರಿಸಬಹುದು. ಸೇರೋರು ಒಬ್ಬರ ಸರ್ಕಲ್‌ಗೆ ಮಾತ್ರ ಸೇರಬಹುದು, ಅಂದರೆ ಅಪ್ಪನದ್ದೂ ಅಮ್ಮನದ್ದೂ ಎರಡೂ ಆಗಲ್ಲ. ಅವರಿಗೆ ಬ್ಯಾಂಕ್ ಖಾತೆ ಇರಲೇಬೇಕು ಅಂತಿಲ್ಲ, ನಿಮ್ಮ ಪಿನ್ ಅವರಿಗೆ ಗೊತ್ತಾಗೋದೂ ಇಲ್ಲ.

ಎರಡು ಥರ ಇದೆ. ಒಂದರಲ್ಲಿ ಮಗಳು ಅಲ್ಲಿ ಸ್ಕ್ಯಾನ್ ಮಾಡ್ತಾಳೆ, ನಿಮ್ಮ ಫೋನಿಗೆ ಕೋರಿಕೆ ಬರುತ್ತೆ, ಯಾವ ಅಂಗಡಿ ಎಷ್ಟು ಅಂತ ನೋಡಿ ನೀವು ಪಿನ್ ಹಾಕಿದರೆ ಹಣ ಹೋಗುತ್ತೆ. ಇನ್ನೊಂದರಲ್ಲಿ ತಿಂಗಳಿಗೆ ಇಷ್ಟು ಅಂತ ಮಿತಿ ಹಾಕಿಬಿಟ್ಟರೆ ಅಷ್ಟರೊಳಗೆ ಅವಳೇ ಕೊಡಬಹುದು. ಅದರ ಗರಿಷ್ಠ ತಿಂಗಳಿಗೆ 15,000, ಒಂದು ಸಲಕ್ಕೆ 5,000. ಗರಿಷ್ಠ ಇದೆ ಅಂತ ಅಷ್ಟೂ ಇಡಬೇಡಿ, 800 ಅಂತ ಹಾಕಿ. ಶುರುವಿಗೆ ಮೊದಲನೇ ಥರವೇ ಒಳ್ಳೇದು. ತೊಂದರೆ ಏನಂದರೆ ನೀವು ಸ್ಕೂಟರ್ ಮೇಲೋ ಮೀಟಿಂಗಲ್ಲೋ ಇದ್ದರೆ ಮಗಳು ಜೆರಾಕ್ಸ್ ಅಂಗಡಿ ಮುಂದೆ ನಿಂತಿರ್ತಾಳೆ. ಹಂಗಾಗಿ ಬ್ಯಾಗಲ್ಲಿ 50 ರೂಪಾಯಿ ನೋಟು ಒಂದು ಇರಲಿ.

ಸೇರಿಸೋದು: ನಿಮ್ಮ ಆ್ಯಪ್‌ನ ಪ್ರೊಫೈಲ್‌ನಲ್ಲಿ ಯುಪಿಐ ಸರ್ಕಲ್ ತೆಗೆದು, ಅವಳ ಆ್ಯಪ್ ತೋರಿಸೋ ಕ್ಯೂಆರ್ ಸ್ಕ್ಯಾನ್ ಮಾಡಿ. ನಂಬರ್ ಕೈಯಲ್ಲಿ ಟೈಪ್ ಮಾಡಿ ಸೇರಿಸೋಕೆ ಬಿಡಲ್ಲ, ಕಾಂಟ್ಯಾಕ್ಟ್ಸ್‌ನಲ್ಲಿ ಸೇವ್ ಆಗಿರಬೇಕು. ಥರ ಆರಿಸಿ, ಪಿನ್ ಹಾಕಿ, ಅವಳ ಫೋನಲ್ಲಿ ಒಪ್ಪಿಗೆ ಒತ್ತಿಸಿ. ಬೇಡ ಅನ್ನಿಸಿದ ದಿನ ಅಲ್ಲೇ ತೆಗೆದುಹಾಕಬಹುದು. ಮುಂಚೆಯೇ ನೋಡಬೇಕಾದ್ದು ಎರಡು. ಆ್ಯಪಿನ ಷರತ್ತಲ್ಲಿ ವಯಸ್ಸು ಏನು ಹಾಕಿದ್ದಾರೆ ಅಂತ ಓದಿ. ಆಮೇಲೆ ಹಳೇ ಫೋನಿಗೆ ಸಿಮ್ ಬೇಕು. 18 ಆಗದವರ ಹೆಸರಿಗೆ ಹೊಸ ಸಿಮ್ ಕೊಡಬಾರದು ಅಂತ 2021ರಿಂದ ನಿಯಮ ಇದೆ, ಹಂಗಾಗಿ ಅದು ನಿಮ್ಮ ಹೆಸರಲ್ಲೇ ಇರುತ್ತೆ, ರೀಚಾರ್ಜ್ ಖರ್ಚೂ ನಿಮ್ಮದೇ.

ಕ್ಯಾಶ್ ಕೌಂಟರ್

ಕಾರ್ಡಿನ ಬಗ್ಗೆ ನಾನು ಹೇಳ್ತೀನಿ. ಮಕ್ಕಳ ಕಾರ್ಡ್ ಅಂತ ಮಾರೋದು ಬಹುಪಾಲು ಪ್ರಿಪೇಯ್ಡ್: ನೀವು ತುಂಬಿದಷ್ಟೇ ಅದರಲ್ಲಿರುತ್ತೆ. ಕಡಿಮೆ ದಾಖಲೆ ಕೊಟ್ಟು ತಗೊಂಡದ್ದಾದರೆ ತಿಂಗಳಿಗೆ 10,000ಕ್ಕಿಂತ ಹೆಚ್ಚು ತುಂಬೋ ಹಾಗಿಲ್ಲ, ನಗದು ತೆಗೆಯೋಕೂ ಆಗಲ್ಲ. ಫೋನ್ ಬೇಡ ಅನ್ನೋದೇ ಇದರ ಲಾಭ. ಶಾಲೆಗೆ ಫೋನ್ ಬಿಡಲ್ಲ, ಕಾರ್ಡ್ ಕಂಪಾಸ್ ಬಾಕ್ಸಲ್ಲಿ ಹೋಗುತ್ತೆ. ನಷ್ಟ ಅಂದರೆ ನಿಮ್ಮ ಜೆರಾಕ್ಸ್ ಅಂಗಡಿಯಲ್ಲಿ ಸ್ವೈಪ್ ಮೆಷಿನ್ ಇರೋದು ಅನುಮಾನ. ತಗೊಳ್ಳೋ ಮುಂಚೆ ಕಾರ್ಡಿನ ಹಿಂಬದಿಯಲ್ಲಿ ಕೊಟ್ಟವರ ಹೆಸರು ನೋಡಿ, ಆ್ಯಪಿನ ಚಂದದ ಹೆಸರಲ್ಲ, ಆರ್‌ಬಿಐ ಅನುಮತಿ ಇರುವ ಬ್ಯಾಂಕು ಅಥವಾ ಸಂಸ್ಥೆಯ ಹೆಸರು. ಕಾರ್ಡಿನ ಶುಲ್ಕ, ವರ್ಷದ ಶುಲ್ಕ, ಹಣ ತುಂಬುವ ಶುಲ್ಕ, ಬಳಸದೇ ಬಿಟ್ಟರೆ ಶುಲ್ಕ, ನಾಲ್ಕನ್ನೂ ಕೇಳಿ.

ಯಾವ ಕಾರ್ಡೇ ಆಗಲಿ, ಮಗಳ ಖಾತೆಯ ಎಟಿಎಂ ಕಾರ್ಡ್ ಆದರೂ ಸರಿ, ಬಂದ ದಿನ ಆ್ಯಪಲ್ಲಿ ಆನ್‌ಲೈನ್, ವಿದೇಶಿ, ಟ್ಯಾಪ್ (ಮೆಷಿನ್‌ಗೆ ಕಾರ್ಡ್ ತಾಗಿಸಿ ಕೊಡೋದು) ಮೂರೂ ಆಫ್ ಇದೆಯಾ ನೋಡಿ. 5,000 ರೂಪಾಯಿವರೆಗೆ ಟ್ಯಾಪ್‌ಗೆ ಪಿನ್ ಕೇಳಲ್ಲ. ಆಟದ ಮೈದಾನದಲ್ಲಿ ಬಿದ್ದ ಕಾರ್ಡ್ ಯಾರ ಕೈಗಾದರೂ ಸಿಗಬಹುದು.

ನಿಮ್ಮ ವಾರದ 200 ರೂಪಾಯಿಗೆ ನಾನಾದರೆ ಕಾರ್ಡ್ ಮಾಡಿಸಲ್ಲ. 100 ನಗದು, ಉಳಿದದ್ದು ಸರ್ಕಲ್, ಪ್ರತಿಯೊಂದಕ್ಕೂ ನಿಮ್ಮ ಒಪ್ಪಿಗೆ.

ಮಕ್ಕಳಿಬ್ಬರಿಗೂ ಬಾಯಿಪಾಠ ಮಾಡಿಸಬೇಕಾದ್ದು ಒಂದೇ: ದುಡ್ಡು ಬರೋದಕ್ಕೆ ಪಿನ್ ಬೇಡ, ಸ್ಕ್ಯಾನೂ ಬೇಡ. "ಗೇಮ್ ಡೈಮಂಡ್ ಫ್ರೀ ಕಳಿಸ್ತೀನಿ, ಇದನ್ನ ಸ್ಕ್ಯಾನ್ ಮಾಡು" ಅಂತ ಮಕ್ಕಳನ್ನೇ ಹಿಡಿಯುವವರಿದ್ದಾರೆ. ಒಬ್ಬರಿಂದೊಬ್ಬರು ಹಣ ಕೇಳುವ ಕಲೆಕ್ಟ್ ಕೋರಿಕೆಯನ್ನು 2025ರ ಅಕ್ಟೋಬರ್‌ನಿಂದ ನಿಲ್ಲಿಸಿದ್ದಾರೆ, ಆದರೆ ಕ್ಯೂಆರ್ ಕಳಿಸಿ ಮೋಸ ಮಾಡೋದು ನಿಂತಿಲ್ಲ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್, ಜೊತೆಗೇ ಬ್ಯಾಂಕಿಗೆ. ಕಳ್ಳನ ಖಾತೆಯಿಂದ ಹಣ ಮುಂದಕ್ಕೆ ಹೋಗುವ ಮುಂಚೆ ತಡೆ ಹಾಕಿದರೆ ಸಿಗುವ ಅವಕಾಶ ಇರುತ್ತೆ. ಬೈಗುಳಕ್ಕೆ ಹೆದರಿ ಮಗು ಎರಡು ದಿನ ಬಚ್ಚಿಟ್ಟರೆ ಆ ಅವಕಾಶ ಹೋಯಿತು. ಅದಕ್ಕೆ, ದುಡ್ಡು ಹೋಯಿತು ಅಂತ ಬಂದು ಹೇಳಿದರೆ ಹೊಡೆಯಲ್ಲ ಅಂತ ಈಗಲೇ ಹೇಳಿಡಿ.

ವಿದ್ಯಾನಗರದ ಅಮ್ಮ

ಲೈಟ್ ತೆಗೆದು ನೋಡಿದೆ. 3,400 ಕೂತಿದೆ, ಆಟೊ ಟಾಪ್‌ಅಪ್ ಆನ್ ಇದೆ! ಹಣ ವಾಪಸ್ ಖಾತೆಗೆ ಹಾಕೋದು ಹೆಂಗೆ?

ಸಿಮ್‌ಕಾರ್ಡ್

ಮೊದಲು ಆಟೊ ಟಾಪ್‌ಅಪ್ ಆಫ್ ಮಾಡಿ. ಆಮೇಲೆ ಅದೇ ಲೈಟ್ ಪುಟದಲ್ಲಿ ಖಾತೆಗೆ ವರ್ಗಾಯಿಸು ಅಂತ ಇರುತ್ತೆ, ಅಲ್ಲಿಂದ ಬೇಕಾದಷ್ಟು ವಾಪಸ್ ಹಾಕಬಹುದು. ಆ ಆಯ್ಕೆ ಕಾಣದಿದ್ದರೆ ಆ್ಯಪ್ ಅಪ್‌ಡೇಟ್ ಮಾಡಿ, ಇಲ್ಲ ಲೈಟನ್ನೇ ಮುಚ್ಚಿ, ಪೂರ್ತಿ ಮೊತ್ತ ಖಾತೆಗೆ ಹೋಗುತ್ತೆ. ಮಗಳಿಗೆ ಹಳೇ ಫೋನ್ ಕೊಡ್ತೀರಲ್ಲ, ಅದರಲ್ಲೂ ನಿಮ್ಮ ಹಳೇ ಆ್ಯಪ್, ಲೈಟ್ ಉಳಿದಿದೆಯಾ ನೋಡಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ ಕೊಡಿ.